ಗುಜರಿ ಡ್ರಮ್ಮಿನ ತಳದ 31 ಪೀಸ್

ನಮ್ಮ ಶಾಪಿಗೆ ಗುಜರಿಯವರು ಬರುವುದು ಶನಿವಾರ. ವಾರವಿಡೀ ಮಷಿನ್‌ಗಳಿಂದ ಬಿದ್ದ ಚಿಪ್ಸ್ ಎಲ್ಲ ಹಳೇ ಆಯಿಲ್ ಡ್ರಮ್ಮುಗಳಲ್ಲಿ ತುಂಬಿಟ್ಟಿರುತ್ತೇವೆ. ಗುಂಗುರು ಗುಂಗುರು ಸ್ಟೀಲ್ ಸುರುಳಿ. ಕೂಲೆಂಟ್ ವಾಸನೆ ಹೊಡೆಯುತ್ತಿರುತ್ತದೆ. ಬರಿಗೈ ಹಾಕಿದರೆ ಬೆರಳು ಸೀಳುತ್ತದೆ. ಇಬ್ಬರು ಸೇರಿ ಡ್ರಮ್ ಅಡ್ಡ ಮಾಡಿ ತಕ್ಕಡಿಯ ತಟ್ಟೆ ಮೇಲೆ ಸುರಿಯುತ್ತಾರೆ. ಮೂರು ವರ್ಷದ ಹಿಂದೆ ಒಂದು ಶನಿವಾರ ಹೀಗೇ ಸುರಿಯುವಾಗ, ಸರಸರ ಅನ್ನುತ್ತಿದ್ದ ಸದ್ದು ಕೊನೆಯಲ್ಲಿ ಠಣ್ ಠಣ್ ಅಂದಿತು.

"ಸಾಹೇಬ್ರ, ಇವು ಚಿಪ್ಸ್ ಅಲ್ರಿ. ಜಾಬ್ ಅದಾವ್ರಿ," ಅಂದ ಗುಜರಿಯ ಹುಡುಗ.

ನೋಡಿದರೆ ವಾಲ್ವಿನ ಸೀಟ್ ರಿಂಗ್, ವಾಲ್ವ್ ಮುಚ್ಚಿದಾಗ ಸೋರದ ಹಾಗೆ ಒಳಗೆ ಕೂರುವ ಬಳೆ. ಎಸ್‌ಎಸ್ 316 ಅನ್ನುವ ಸ್ಟೇನ್‌ಲೆಸ್ ಸ್ಟೀಲ್, ಒಂದೊಂದಕ್ಕೆ ಮಟೀರಿಯಲ್ಲೇ ಆರು ನೂರು ರೂಪಾಯಿ. ಎಣಿಸಿದೆ. 31 ಇದ್ದವು. ಎರಡು ದಿನದಿಂದ ಸ್ಟೋರಿನವರು, "200 ಪೀಸ್ ಕಟ್ ಮಾಡಿ ಕೊಟ್ಟೇವಿ, 169 ವಾಪಸ್ ಬಂದಾವು" ಅಂತ ತಲೆ ತಿನ್ನುತ್ತಿದ್ದರು. ನಾನು ಅವರದೇ ಲೆಕ್ಕ ತಪ್ಪು ಅಂತ ದಬಾಯಿಸಿ ಕಳಿಸಿದ್ದೆ.

ನಾನು ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಮಷಿನ್ ಶಾಪಿನಲ್ಲಿ ಶಾಪ್ ಇನ್‌ಚಾರ್ಜ್. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಕಂಪನಿಗಳು ಸುಮಾರು ಇವೆ, ಅವರಿಗೆ ಬಿಡಿಭಾಗ ಮಾಡಿಕೊಡುವ ನಮ್ಮಂಥ ಶಾಪುಗಳು ಅದಕ್ಕಿಂತ ಜಾಸ್ತಿ. ನನ್ನ ಕೈಕೆಳಗೆ 22 ಜನ. ಅವರಲ್ಲಿ 17 ಜನ ಇಪ್ಪತ್ತೈದು ದಾಟಿಲ್ಲ. ಐಟಿಐ ಮುಗಿಸಿದವರು, ಡಿಪ್ಲೊಮಾದವರು, ಇಬ್ಬರು ಹುಡುಗಿಯರು. ಈಗಿನ ಹುಡುಗರ ಹತ್ತಿರ ಕೆಲಸ ತೆಗೆಯುವುದು ಹೇಗೆ ಅಂತ ನನ್ನ ಓರಗೆಯವರು ಟೀ ಅಂಗಡಿಯಲ್ಲಿ ಸಿಕ್ಕಾಗೆಲ್ಲ ಕೇಳುತ್ತಾರೆ. ಕೇಳುತ್ತಾರೆ ಅನ್ನೋದಕ್ಕಿಂತ ಗೊಣಗುತ್ತಾರೆ ಅನ್ನಬೇಕು. ನಾನೂ ಅವರ ಜೊತೆ ಗೊಣಗಿದವನೇ.

ಆ ಶನಿವಾರ ಡ್ರಮ್ ಮುಂದೆ ನಿಂತಾಗ ನನಗೆ ಮೊದಲು ಬಂದದ್ದು ಸಿಟ್ಟು. ಯಾರ ಕೆಲಸ ಅಂತ ತಕ್ಷಣ ಗೊತ್ತಾಯಿತು, ಆ ಮಷಿನ್ ನೈಟ್ ಶಿಫ್ಟಿನಲ್ಲಿ ನಡೆಸುತ್ತಿದ್ದವನು ಒಬ್ಬನೇ. ಅಣ್ಣಿಗೇರಿಯ ಹುಡುಗ. ಪಂಪನ ಊರಿನವನು, ಮಾತು ಮಾತ್ರ ತೂಕಕ್ಕೆ ಹಾಕಿ ಆಡುವವನು. ದಿನಾ ಗದಗ–ಹುಬ್ಬಳ್ಳಿ ಲೈನಿನ ಪ್ಯಾಸೆಂಜರ್ ರೈಲು ಹಿಡಿದು ಬಂದು, ಸ್ಟೇಷನ್ನಿನಿಂದ ಬಸ್ಸು ಹತ್ತಿ ಬರುತ್ತಿದ್ದ.

ಕರೆಸಿದೆ. ಬಂದು ನಿಂತ. ಮೇಜಿನ ಮೇಲೆ 31 ಪೀಸ್ ಸಾಲಾಗಿ ಇಟ್ಟಿದ್ದೆ. ಅವನು ಅವನ್ನೇ ನೋಡಿದ, ನನ್ನ ಮುಖ ನೋಡಲಿಲ್ಲ.

"ಯಾಕ ಮುಚ್ಚಿಟ್ಟಿ?"

ಸುಮ್ಮನಿದ್ದ. ಮತ್ತೆ ಕೇಳಿದೆ. ಆಗ ಹೇಳಿದ: "ಸರ, ಹೇಳಿದ್ರ ನೀವು ಆಗಿಂದಾಗ ಬಯ್ತಿದ್ರಿ. ಹೇಳಲಿಲ್ಲಂದ್ರ ಎರಡು ದಿನ ಬಿಟ್ಟು ಬಯ್ತೀರಿ. ಎರಡು ದಿನ ಸಿಕ್ತಾವಲ್ರಿ."

ಉದ್ಧಟತನ ಅಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಬಯ್ಯೋದಕ್ಕೆ ಬಾಯಿ ತೆರೆದಿದ್ದವನು ಹಾಗೇ ಮುಚ್ಚಿಕೊಂಡೆ.

ಆಗಿದ್ದಿಷ್ಟು. ಆ ರಿಂಗಿನ ಒಳಬೋರ್, ಅಂದರೆ ನಡುವಿನ ತೂತು, 50 ಮಿಲಿಮೀಟರ್. ಮೇಲಕ್ಕೆ 25 ಮೈಕ್ರಾನ್, ಅಂದರೆ 0.025 ಮಿಲಿಮೀಟರ್ ತನಕ ಸಡಿಲ ಬಿಡಬಹುದು, ತಲೆಗೂದಲಿಗಿಂತ ಸಣ್ಣ ಅಳತೆ. ಕೆಲಸ ನಡೆದ ಹಾಗೆ ಬೋರಿಂಗ್ ಟೂಲಿನ ತುದಿಯಲ್ಲಿ ಕೆತ್ತುವ ಇನ್ಸರ್ಟ್ ಸವೆಯುತ್ತದೆ, ಬೋರ್ ಸಣ್ಣದಾಗುತ್ತ ಹೋಗುತ್ತದೆ. ಆಪರೇಟರ್ ಆಗಾಗ ಅಳೆದು, ಮಷಿನ್ ಪರದೆಯಲ್ಲಿ ಟೂಲಿನ ಅಳತೆ ತಿದ್ದುವ ಆಫ್‌ಸೆಟ್ ಪೇಜಿನಲ್ಲಿ 0.02 ಅಂತಲೋ 0.01 ಅಂತಲೋ ಒತ್ತಿ ಸರಿ ಮಾಡಿಕೊಳ್ಳಬೇಕು. ಇವನು ರಾತ್ರಿ ಎರಡೂವರೆಗೆ 0.02ರ ಬದಲು 0.2 ಒತ್ತಿದ್ದಾನೆ. ಒಂದು ಸೊನ್ನೆ ತಪ್ಪಿದ್ದು. ಬೋರ್ ದೊಡ್ಡದಾದರೆ ಮುಗಿಯಿತು, ಕೆತ್ತಿದ ಸ್ಟೀಲನ್ನು ಮತ್ತೆ ಹಚ್ಚೋಕಾಗಲ್ಲ. ಮುಂದಿನ ಪೀಸ್ ಗೇಜ್ ಹಾಕಿ ನೋಡಿದ್ದರೆ ಒಂದರಲ್ಲೇ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂದರೆ ಪಕ್ಕದ ಮಷಿನ್ ಅಲಾರಂ ಹೊಡೆದು ನಿಂತಿತ್ತು, ಅದರ ಮುಂದೆ ಒದ್ದಾಡುತ್ತಿದ್ದ. ಒಬ್ಬನಿಗೆ ಎರಡು ಮಷಿನ್ ಕೊಟ್ಟಿದ್ದು ಯಾರು? ನಾನೇ. ಆಳು ಉಳಿಸಿದೆ ಅಂತ ಮಾಲಕರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

*

ನಾನು ಕೆಲಸಕ್ಕೆ ಸೇರಿದ್ದು 1991ರಲ್ಲಿ, ಹದಿನೇಳು ವರ್ಷದವನಿದ್ದಾಗ. ನಮ್ಮೂರು ಬ್ಯಾಡಗಿ ಹತ್ತಿರ ಒಂದು ಹಳ್ಳಿ. ಆಗ ನಾವು ಧಾರವಾಡ ಜಿಲ್ಲೆಯವರೇ. ಹಾವೇರಿ, ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಗೋಕುಲ ರಸ್ತೆ ಕಡೆಯ ಒಂದು ಶಾಪಿನಲ್ಲಿ ಲೇತ್ ಕಲಿಯೋಕೆ ಬಿಟ್ಟರು. ಕಲಿಸಬೇಕಾದ ಉಸ್ತಾದ್ ಮೊದಲ ಆರು ತಿಂಗಳು ನನ್ನ ಕೈಯಲ್ಲಿ ಲೇತಿನ ಹ್ಯಾಂಡಲ್ ಕೂಡ ಹಿಡಿಸಲಿಲ್ಲ. ಕಸ ಹೊಡಿ, ಚಹಾ ತಾ, ಚಿಪ್ಸ್ ಎತ್ತು, ಅಷ್ಟೇ. ಟೂಲ್ ಗ್ರೈಂಡ್ ಮಾಡುವಾಗ ಬೇಕಂತಲೇ ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಆ್ಯಂಗಲ್ ಎಷ್ಟು ಕೊಡುತ್ತಾರೆ ಅಂತ ಕಾಣಬಾರದು ಅಂತ. ತಪ್ಪು ಮಾಡಿದರೆ ಚಕ್ ಕೀ, ಲೇತಿನಲ್ಲಿ ಜಾಬ್ ಬಿಗಿಯುವ ಕಬ್ಬಿಣದ ಕೀ, ಹಾರಿ ಬರುತ್ತಿತ್ತು. ನನ್ನ ಎಡ ಮೊಣಕಾಲಿನ ಕೆಳಗೆ ಒಂದು ಗುರುತು ಈಗಲೂ ಇದೆ.

ಅವರು ಕೆಟ್ಟವರಲ್ಲ. ನನ್ನ ಮದುವೆಗೆ ಬ್ಯಾಡಗಿ ತನಕ ಬಂದಿದ್ದರು. ರಿಟೈರ್ ಆಗುವ ದಿನ ತಮ್ಮ ಮೈಕ್ರೋಮೀಟರ್ ನನ್ನ ಕೈಗಿಟ್ಟರು, ಕಣ್ಣು ಒದ್ದೆಯಾಗಿತ್ತು. ಅದಕ್ಕೇ ಏನೋ, ಕಲಿಸುವುದು ಅಂದರೆ ಹೀಗೇ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಉಸ್ತಾದ್ ಬಾಯಲ್ಲಿ ಯಾವಾಗಲೂ ಒಂದು ಮಾತು: "ಭೀಮಸೇನ ಜೋಶಿ ಕುಂದಗೋಳದಾಗ ನೀರು ಹೊತ್ತಾರ. ನೀ ಯಾವ ಗಿಡದ ತೊಪ್ಪಲಲೇ?" ನಮ್ಮ ಕಡೆ ಈ ಕಥೆ ಗೊತ್ತಿಲ್ಲದವರಿಲ್ಲ. ಗದಗಿನ ಹುಡುಗ ಭೀಮಸೇನ 11ನೇ ವಯಸ್ಸಿಗೆ ಮನೆ ಬಿಟ್ಟು, ಗುರು ಹುಡುಕುತ್ತ ಗ್ವಾಲಿಯರ್, ಜಲಂಧರ್ ಅಂತ ಅಲೆದು, ಕೊನೆಗೆ ಸಿಕ್ಕಿದ್ದು ಮನೆ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅಲ್ಲಿ ಕೊಡ ಹೊತ್ತು ನೀರು ತಂದು, ಮನೆಗೆಲಸ ಮಾಡಿ, ಆಮೇಲೆ ಪಾಠ.

ಈ ಕಥೆಯನ್ನು ನಾನೂ ನಮ್ಮ ಹುಡುಗರ ಮುಂದೆ ಒಂದು ದಿನ ಬಿಟ್ಟೆ. ಹೊಸದಾಗಿ ಸೇರಿದ ಹುಡುಗನೊಬ್ಬ ಮಷಿನ್ ಕ್ಲೀನ್ ಮಾಡೋಕೆ ಹಿಂದೆ ಮುಂದೆ ನೋಡಿದ್ದ. ನನ್ನದು ಮುಗಿಯುವ ತನಕ ಸುಮ್ಮನಿದ್ದು, ಲಕ್ಷ್ಮೇಶ್ವರದ ಹುಡುಗಿ, ಕ್ವಾಲಿಟಿಯಲ್ಲಿದ್ದಾಳೆ, ಮೆಲ್ಲಗೆ ಅಂದಳು: "ಸರ, ಜೋಶಿಯವರು ತಾವಾಗೇ ಮನಿ ಬಿಟ್ಟು ಗುರುಗಳನ್ನ ಹುಡುಕ್ಕೊಂಡು ಹೋಗಿದ್ರು. ನಾವು ಹದಿಮೂರು ಸಾವಿರಕ್ಕ ಬಂದೀವ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಬರೆಯೋಣ ಅನ್ನಿಸುತ್ತಿದೆ. ಆದರೆ ಆವತ್ತು ನಾನು ನಗಲಿಲ್ಲ, ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡೆ. ರಾತ್ರಿ ಮನೆಯಲ್ಲಿ ರೊಟ್ಟಿ ಮುರಿಯುವಾಗ ಅವಳ ಮಾತು ಮತ್ತೆ ನೆನಪಾಯಿತು. ಹೌದಲ್ಲ. ನೀರು ಹೊತ್ತವರಿಗೆ ಯಾವ ಗುರು ಬೇಕು ಅಂತ ಗೊತ್ತಿತ್ತು, ಯಾಕೆ ಹೊರುತ್ತಿದ್ದೇನೆ ಅಂತಲೂ ಗೊತ್ತಿತ್ತು. ಅದೇ ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತವರು. ಅವರದೂ ಅವರೇ ಆರಿಸಿಕೊಂಡ ದಾರಿ. ನಮ್ಮ ಅಣ್ಣಿಗೇರಿ ಹುಡುಗ ರೈಲಿನಲ್ಲಿ ಬರುವುದು ನನ್ನ ಶಿಷ್ಯ ಆಗೋಕಲ್ಲ, ತಂಗಿಯ ಕಾಲೇಜು ಫೀ ಕಟ್ಟೋಕೆ. ನಾನು ಗುರುವಿನ ಹಕ್ಕು ಕೇಳುತ್ತಿದ್ದೆ, ಗುರುವಿನ ಕೆಲಸ ಮಾಡದೆ.

ಈ ಹುಡುಗರು 'ಯಾಕೆ' ಅಂತ ಕೇಳುತ್ತಾರೆ ಅನ್ನುವುದು ನನ್ನ ಓರಗೆಯವರ ದೊಡ್ಡ ದೂರು. ನಾವು ಕೇಳುತ್ತಿರಲಿಲ್ಲ, ನಿಜ. ನಮಗೆ ಕೇಳಬೇಕು ಅನ್ನಿಸುತ್ತಿರಲಿಲ್ಲ ಅಂತಲ್ಲ, ಕೇಳಿದರೆ ಚಕ್ ಕೀ ಬರುತ್ತಿತ್ತು. ಅದನ್ನು ನಾವು ಈಗ ಸಂಸ್ಕಾರ ಅಂತ ಕರೆಯುತ್ತೇವೆ.

*

31 ಪೀಸಿನ ಗಲಾಟೆ ಆದ ಮೇಲೆ ಮಾಲಕರು ನನ್ನನ್ನು ಎರಡು ದಿನದ ಟ್ರೇನಿಂಗಿಗೆ ಕಳಿಸಿದರು. ವಿದ್ಯಾನಗರದ ಒಂದು ಹೋಟೆಲಿನ ಎಸಿ ಹಾಲ್. ಬೆಂಗಳೂರಿನಿಂದ ಬಂದವರು ಪರದೆ ಮೇಲೆ ಚಿತ್ರ ತೋರಿಸುತ್ತ, 1997ರಿಂದ 2012ರ ಒಳಗೆ ಹುಟ್ಟಿದವರು ಜೆನ್ ಝಡ್, ಅವರ ಸ್ವಭಾವ ಹೀಗೆ ಹೀಗೆ ಅಂದರು. ಪಂಚಾಂಗದಲ್ಲಿ ರಾಶಿ ಫಲ ಓದಿದ ಹಾಗಿತ್ತು. ಒಂದೇ ವರ್ಷ ಹುಟ್ಟಿದ ನಮ್ಮ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಎಲ್ಲರೆದುರು ಹೊಗಳಿದರೆ ಹಿಗ್ಗು, ಇನ್ನೊಬ್ಬ ನಾಚಿ ಟಾಯ್ಲೆಟ್ಟಿಗೆ ಓಡುತ್ತಾನೆ. ಮಧ್ಯಾಹ್ನದ ಊಟದಲ್ಲಿ ಗೋಧಿ ಹುಗ್ಗಿ ಚೆನ್ನಾಗಿತ್ತು.

ಆದರೆ ಎರಡು ಸಂಗತಿ ನನಗೆ ತಟ್ಟಿದವು. ಅವರು ಹೇಳಿ ಮುಂದೆ ಹೋದರು, ನಾನು ಮನೆಗೆ ಬಂದು ಮಗಳ ಹತ್ತಿರ ಹುಡುಕಿಸಿ ಓದಿದೆ.

ಒಂದು, ಏಮಿ ಎಡ್ಮಂಡ್ಸನ್ ಅನ್ನುವವರದು. ಅಮೆರಿಕದ ಹಾರ್ವರ್ಡ್‌ನ ಪ್ರೊಫೆಸರ್. 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋದರು. ಹೊಂದಾಣಿಕೆ ಚೆನ್ನಾಗಿರುವ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರಂತೆ. ಲೆಕ್ಕ ಹಾಕಿದರೆ ಉಲ್ಟಾ. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಹೊಳೆಯಿತು, ಅಲ್ಲಿ ತಪ್ಪು ಜಾಸ್ತಿ ಆಗುತ್ತಿಲ್ಲ, ಆದ ತಪ್ಪನ್ನು ಹೇಳುವವರು ಜಾಸ್ತಿ ಇದ್ದಾರೆ. ಮೇಲಿನವರಿಗೆ ಹೆದರುವ ಕಡೆ ತಪ್ಪುಗಳು ರಿಜಿಸ್ಟರಿಗೇ ಬರುವುದಿಲ್ಲ. ಓದಿದ ತಕ್ಷಣ ನನಗೆ ಕಂಡದ್ದು ನಮ್ಮ ಗುಜರಿ ಡ್ರಮ್. ನಮ್ಮ ಶಾಪಿನ ರಿಜೆಕ್ಷನ್ ರಿಜಿಸ್ಟರ್ ಆಗ ಎಷ್ಟು ಚೊಕ್ಕ ಇತ್ತು ಅಂದರೆ ಆಡಿಟಿಗೆ ಬಂದವರು ಹೊಗಳಿ ಹೋಗಿದ್ದರು.

ನನ್ನ ಸೋದರಮಾವ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ. ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿಯೇ ಮುಂದಿನ ಲಾಳಿ. ಕಡಿದದ್ದನ್ನು ಬಿಟ್ಟು ನೇಯ್ದರೆ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಜಪಾನಿನ ಸಾಕಿಚಿ ಟೊಯೋಡಾ ಎಳೆ ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದ್ದು 1924ರಲ್ಲಿ. ಅವರ ಮಗ ಶುರು ಮಾಡಿದ್ದು ಟೊಯೋಟಾ ಕಾರು ಕಂಪನಿ. ಅಲ್ಲಿ ಯಾವ ಕೆಲಸಗಾರನೂ ಏನಾದರೂ ತಪ್ಪು ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಮಗ್ಗದ ಬುದ್ಧಿಯೇ ಅದು. ನಮ್ಮ ಶಾಪಿನಲ್ಲಿ ಹಗ್ಗ ಎಳೆದವನಿಗೆ ನಾನು ಬಯ್ಗುಳ ಇಟ್ಟಿದ್ದೆ.

ಅದಕ್ಕೆ ಪ್ರತಿ ಮಷಿನ್ ಪಕ್ಕ ಒಂದು ಕೆಂಪು ಕ್ರೇಟ್ ಇಡಿಸಿದೆ. ತರಕಾರಿ ಮಾರ್ಕೆಟ್ಟಿನಲ್ಲಿ ಸಿಗುವ ಪ್ಲಾಸ್ಟಿಕ್ ಕ್ರೇಟೇ, ಏನೂ ದೊಡ್ಡದಲ್ಲ. ಕೆಟ್ಟ ಪೀಸ್ ಅದರಲ್ಲಿ ಹಾಕಬೇಕು, ಏನಾಯಿತು ಅಂತ ಸೀಮೆಸುಣ್ಣದಲ್ಲಿ ಪೀಸಿನ ಮೇಲೆ ಬರೆಯಬೇಕು, ಮಷಿನ್ ನಿಲ್ಲಿಸಿ ನನಗೋ, ಮಷಿನ್ ಸೆಟ್ ಮಾಡಿಕೊಡುವ ಸೆಟ್ಟರಿಗೋ ಹೇಳಬೇಕು. ಹೇಳಿದವನಿಗೆ ಯಾರೂ ಬಯ್ಯುವಂತಿಲ್ಲ. ಮುಚ್ಚಿಟ್ಟವನಿಗೆ ಮಾತ್ರ ಮೆಮೊ.

ಮೊದಲ ಎಂಟು ದಿನ ಕ್ರೇಟ್‌ಗಳು ಖಾಲಿ. ಒಂದರಲ್ಲಿ ಯಾರೋ ಗುಟ್ಕಾ ಚೀಟಿ ಹಾಕಿದ್ದರು. ನಂಬಲಿಲ್ಲ ಅವರು. ನಾನಾಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಒಂಬತ್ತನೇ ದಿನ ನಾನೇ ಒಂದು ಹೊಸ ಜಾಬ್ ಸೆಟ್ ಮಾಡುತ್ತಿದ್ದೆ. ಡ್ರಾಯಿಂಗಿನಲ್ಲಿ ಒಂದು ಚಾಂಫರ್, ಅಂದರೆ ಅಂಚನ್ನು ಓರೆಯಾಗಿ ಕೆತ್ತುವುದು, ನೋಡದೆ ಬಿಟ್ಟೆ, ಎರಡು ಪೀಸ್ ಹೋದವು. ಅಕ್ಕಪಕ್ಕ ಯಾರೂ ಇರಲಿಲ್ಲ. ಸುಳ್ಳು ಹೇಳಲ್ಲ, ಕೈ ಒಮ್ಮೆ ಚಿಪ್ಸ್ ಡ್ರಮ್ಮಿನ ಕಡೆ ಹೋಯಿತು. ಮೂವತ್ತು ವರ್ಷದ ಸರ್ವಿಸ್, ಕ್ಯಾಬಿನ್ನಿನ ಬಾಗಿಲ ಮೇಲೆ ಹೆಸರಿನ ಬೋರ್ಡು, ಆದರೂ ಕೈ ಅತ್ತ ಹೋಯಿತು. ಆ ಹುಡುಗನ ಎರಡು ದಿನದ ಲೆಕ್ಕ ಆಗ ಪೂರ್ತಿ ಅರ್ಥವಾಯಿತು. ಸೀಮೆಸುಣ್ಣ ತಗೊಂಡು 'ಚಾಂಫರ್ ನೋಡಲಿಲ್ಲ' ಅಂತ ಬರೆದು, ಕೆಳಗೆ ನನ್ನ ಹೆಸರು ಬರೆದು, ಕೆಂಪು ಕ್ರೇಟಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಪ್ ಒಬ್ಬೊಬ್ಬರಾಗಿ ಬಂದು ಅದನ್ನು ನೋಡಿ ಹೋಯಿತು, ಜಾತ್ರೆಯಲ್ಲಿ ಎರಡು ತಲೆ ಕರು ನೋಡುವ ಹಾಗೆ. ಒಬ್ಬ ಫೋಟೋ ಕೂಡ ತೆಗೆದ.

ಮರುದಿನ ಅಣ್ಣಿಗೇರಿ ಹುಡುಗನ ಕ್ರೇಟಿನಲ್ಲಿ ಒಂದು ಪೀಸಿತ್ತು.

ಮುಂದಿನ ಎರಡು ತಿಂಗಳು ರಿಜಿಸ್ಟರಿನಲ್ಲಿ ರಿಜೆಕ್ಷನ್ ಏರಿತು. ಮಾಲಕರು ಕರೆದು, "ಏನ್ರಿ, ಟ್ರೇನಿಂಗಿಗೆ ಕಳಿಸಿದ್ದಕ್ಕ ಕೆಡಿಸೂದು ಕಲ್ತು ಬಂದ್ರೇನು?" ಅಂದರು. ಗುಜರಿಯವನ ತೂಕದ ಚೀಟಿ, ಸ್ಟೋರಿನ ಲೆಕ್ಕ, ಎರಡನ್ನೂ ಮುಂದಿಟ್ಟು ತೋರಿಸಿದೆ. ಮೊದಲು ತಿಂಗಳಿಗೆ ಎಷ್ಟು ಪೀಸ್ 'ಸ್ಟೋರ್ ತಪ್ಪು' ಅಂತ ಮಾಯವಾಗುತ್ತಿದ್ದವು ಅಂತ ಆಗ ಗೊತ್ತಾಯಿತು ಅವರಿಗೆ. ಪೂರ್ತಿ ಒಪ್ಪಲಿಲ್ಲ. "ನೋಡೂಣು" ಅಂದರು. ನಮ್ಮ ಕಡೆ ಮಾಲಕರು ನೋಡೂಣು ಅಂದರೆ ಅರ್ಧ ಒಪ್ಪಿದರು ಅಂತ.

*

ಟ್ರೇನಿಂಗಿನಲ್ಲಿ ತಟ್ಟಿದ ಇನ್ನೊಂದು ಸಂಗತಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರದು. ಲಿಪ್ಪಿಟ್, ವೈಟ್ ಅಂತ ಇಬ್ಬರು. 1939ರಲ್ಲಿ ಪ್ರಕಟವಾದ ಪ್ರಯೋಗ. ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪು ಕಟ್ಟಿ, ಮುಖವಾಡ ಮಾಡುವಂಥ ಕೈಗೆಲಸ ಕೊಟ್ಟರು. ಒಂದು ಕಡೆ ಮುಂದಾಳು ಎಲ್ಲ ತಾನೇ ಹೇಳುವವನು, ಇನ್ನೊಂದು ಕಡೆ ಹುಡುಗರ ಜೊತೆ ಮಾತಾಡಿ ತೀರ್ಮಾನ ಮಾಡುವವನು, ಮತ್ತೊಂದು ಕಡೆ ಏನಾದರೂ ಮಾಡಿಕೊಳ್ಳಿ ಅಂತ ಸುಮ್ಮನೆ ಕೂರುವವನು. ಮೊದಲಿನವನು ರೂಮಿನಿಂದ ಹೊರಗೆ ಹೋದರೆ ಕೆಲಸ ಬಿದ್ದುಹೋಗುತ್ತಿತ್ತು. ಎರಡನೆಯವನು ಹೊರಗೆ ಹೋದರೂ ನಡೆಯುತ್ತಿತ್ತು. ಇದನ್ನು ಓದಿ ನಾನು ಯೋಚಿಸಿದ್ದು ಒಂದೇ. ನೈಟ್ ಶಿಫ್ಟ್ ಅಂದರೆ ನಾನು ರೂಮಿನಲ್ಲಿ ಇಲ್ಲದ ಹೊತ್ತು. ದಿನದ ಅರ್ಧ ಕೆಲಸ ನಾನಿಲ್ಲದಾಗ ನಡೆಯುತ್ತದೆ.

ಮೂರನೆಯವನ ಕಥೆ ಮಾತ್ರ ಸರಿಯಾಗಿ ಓದಲಿಲ್ಲ. ಅದರ ಪಾಠ ರಂಗಪಂಚಮಿಗೆ ಸಿಕ್ಕಿತು.

ಏನಾಯಿತು ಅಂದರೆ, ಕ್ರೇಟ್ ಗೆದ್ದ ಹುಮ್ಮಸ್ಸಿನಲ್ಲಿ ನಾನು ಅತಿಯಾಗಿ ಒಳ್ಳೆಯವನಾದೆ. ಶಿಫ್ಟ್ ಪಟ್ಟಿ ನೀವೇ ಹಾಕಿಕೊಳ್ಳಿ, ರಜೆ ನೀವೇ ಹೊಂದಿಸಿಕೊಳ್ಳಿ, ನಾನು ನಡುವೆ ಬರೋದಿಲ್ಲ ಅಂದುಬಿಟ್ಟೆ. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಹೋಳಿ ಬಂತು. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹುಣ್ಣಿಮೆ ಆಗಿ ಐದನೇ ದಿನ, ರಂಗಪಂಚಮಿಗೆ. ಆವತ್ತು ಬೆಳಿಗ್ಗೆ ಶಾಪಿಗೆ ಬಂದರೆ ಆರು ಮಷಿನ್‌ಗೆ ಇಬ್ಬರೇ ಆಪರೇಟರ್. ಒಬ್ಬೊಬ್ಬರೂ ಇನ್ನೊಬ್ಬ ಬರುತ್ತಾನೆ ಅಂದುಕೊಂಡಿದ್ದಾರೆ. ಮರುದಿನ ಹೋಗಬೇಕಾದ ಡಿಸ್ಪ್ಯಾಚ್ ತಪ್ಪಿತು. ಗಿರಾಕಿಯ ಹತ್ತಿರ ನಾನು ಬಯ್ಸಿಕೊಂಡೆ. ನನಗೆ ಅದಕ್ಕಿಂತ ಬೇಜಾರಾಗಿದ್ದು ಬಂದಿದ್ದ ಆ ಇಬ್ಬರ ಮುಖ ನೋಡಿ. ಇಬ್ಬರೂ ಹೊಸಬರು, ಸೀನಿಯರ್‌ಗಳ ಎದುರು ರಜೆ ಕೇಳಲಾರದೆ ಬಂದವರು. ನಾನು ನಡುವೆ ಬರೋದಿಲ್ಲ ಅಂದರೆ ಜೋರು ಬಾಯಿಯವರು ಬರುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮಪ್ಪ ಹೊಸ ಎತ್ತು ಪಳಗಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೊದಲು ಹಳೇ ಎತ್ತಿನ ಜೋಡಿ ಕಟ್ಟಿ ಖಾಲಿ ಚಕ್ಕಡಿ, ಹಳ್ಳದ ತನಕ ಹೋಗಿ ಬರುವುದು. ಆಮೇಲೆ ಹಗುರ ಕುಂಟಿ. ರಂಟೆಗೆ ಹೂಡುವುದು ಅದಾದ ಎಷ್ಟೋ ದಿನಕ್ಕೆ. ಮೊದಲ ದಿನ ಹಗ್ಗ ಬಿಗಿ, ಪಕ್ಕದಲ್ಲೇ ನಡೆಯುತ್ತಿದ್ದ. ದಿನ ಹೋದ ಹಾಗೆ ಹಗ್ಗ ಸಡಿಲ ಬಿಡುತ್ತ, ಹಿಂದೆ ಸರಿಯುತ್ತ, ಕೊನೆಗೆ ಬರೀ ಬಾಯಲ್ಲಿ ಹೋ ಅಂದರೆ ಸಾಕಾಗುತ್ತಿತ್ತು. ಒಂದೊಂದು ಎತ್ತಿಗೆ ಒಂದೊಂದು ಲೆಕ್ಕ. 1969ರಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ ಅನ್ನುವವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹೊಸಬನಿಗೆ ಬಿಡಿಸಿ ಹೇಳು, ಸ್ವಲ್ಪ ಬಂದವನಿಗೆ ಕಾರಣ ಹೇಳಿ ಒಪ್ಪಿಸು, ಚೆನ್ನಾಗಿ ಬಂದವನ ಜೊತೆ ಮಾತಾಡಿ ನಿರ್ಧರಿಸು, ಪೂರ್ತಿ ಬಂದವನಿಗೆ ಬಿಟ್ಟುಕೊಡು ಅಂತ. ಟ್ರೇನಿಂಗಿನಲ್ಲಿ ಇದಕ್ಕೆ ನಾಲ್ಕು ಬಣ್ಣದ ಚೌಕ ತೋರಿಸಿದ್ದರು. (ನಮ್ಮ ಹುಡುಗರನ್ನು ಎತ್ತಿಗೆ ಹೋಲಿಸಿದೆ ಅಂತ ಯಾರಾದರೂ ಅವರಿಗೆ ಹೇಳಿದರೆ ನನ್ನ ಕಥೆ ಮುಗಿಯಿತು. ಅಪ್ಪನಿಗೆ ಎತ್ತು ಅಂದರೆ ಮನೆಯವರೇ, ಅಷ್ಟು ಹೇಳಬಲ್ಲೆ.)

ನನ್ನ ತಪ್ಪು ಏನು ಅಂದರೆ, ಕೆಲಸದಲ್ಲಿ ಪಳಗಿದವನು ಎಲ್ಲದರಲ್ಲೂ ಪಳಗಿರುತ್ತಾನೆ ಅಂದುಕೊಂಡದ್ದು. ಅಣ್ಣಿಗೇರಿ ಹುಡುಗ ಈಗ ಯಾವ ಜಾಬ್ ಕೊಟ್ಟರೂ ಸೆಟ್ ಮಾಡುತ್ತಾನೆ. ಅಲ್ಲಿ ನಾನು ಹತ್ತಿರ ಕೂಡ ಸುಳಿಯೋದಿಲ್ಲ. ಆದರೆ ಇನ್ನೊಬ್ಬನಿಗೆ ಇಲ್ಲ ಅನ್ನೋಕೆ ಬರೋದಿಲ್ಲ ಅವನಿಗೆ. ಶಿಫ್ಟ್ ಪಟ್ಟಿಯ ವಿಷಯದಲ್ಲಿ ಅವನಿಗಿನ್ನೂ ಖಾಲಿ ಚಕ್ಕಡಿಯೇ. ಈಗ ಪಟ್ಟಿ ಹುಡುಗರೇ ಹಾಕುತ್ತಾರೆ. ಆದರೆ ಒಂದು ಶಿಫ್ಟಿಗೆ ಕಡಿಮೆ ಅಂದರೆ ನಾಲ್ಕು ಜನ ಇರಬೇಕು, ಹೊಸಬ ಒಬ್ಬನೇ ಇರಬಾರದು, ಹಬ್ಬದ ರಜೆ ಸರದಿ ಪ್ರಕಾರ. ಬುಧವಾರ ನಾನು ಸಹಿ ಹಾಕಿದ ಮೇಲೇ ಗೋಡೆಗೆ ಅಂಟುತ್ತದೆ. ರೈಲಿನ ಹುಡುಗರಿಗೆ ಶಿಫ್ಟ್ ಇಪ್ಪತ್ತು ನಿಮಿಷ ತಡವಾಗಿ ಶುರು, ಇಪ್ಪತ್ತು ನಿಮಿಷ ತಡವಾಗಿ ಮುಕ್ತಾಯ. ಇದನ್ನು ಕೇಳಿದ್ದು ಅವರೇ. ಹತ್ತು ವರ್ಷದಿಂದ ತಡವಾಗಿ ಬಂದವರ ಅರ್ಧ ದಿನದ ಪಗಾರ ಕಟ್ ಮಾಡುತ್ತಿದ್ದೆವು, ಇಷ್ಟು ಸುಲಭ ಇತ್ತು ಅಂತ ನಮಗೆ ಹೊಳೆದೇ ಇರಲಿಲ್ಲ.

ಮೊಬೈಲಿನ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಶಾಪ್ ಫ್ಲೋರಿನಲ್ಲಿ ಪೂರ್ತಿ ಬಂದ್ ಮಾಡಿದ್ದೆ. ಮಷಿನ್ ಓಡುವಾಗ ಕೈಯಲ್ಲಿ ಮೊಬೈಲ್ ಇದ್ದರೆ ಅಪಾಯ, ಆ ಮಾತು ಈಗಲೂ ನಿಜ. ಆದರೆ ಲಕ್ಷ್ಮೇಶ್ವರದ ಹುಡುಗಿ ಕದ್ದು ಮುಚ್ಚಿ ಪ್ರತಿ ಜಾಬಿನ ಸೆಟ್ಟಿಂಗ್ ವಿಡಿಯೋ ಮಾಡಿಟ್ಟಿದ್ದಳು. ಯಾವ ಫಿಕ್ಸ್ಚರ್, ಎಲ್ಲಿ ಡಯಲ್ ಹಚ್ಚಬೇಕು, ಗೇಜ್ ಯಾವ ಕೋನದಲ್ಲಿ ಹಿಡಿಯಬೇಕು, ಎಲ್ಲ ಎರಡೆರಡು ನಿಮಿಷದಲ್ಲಿ. ನನ್ನ ಹತ್ತಿರ ಇದೇ ಮಾಹಿತಿ ಇತ್ತು, ಇಪ್ಪತ್ತು ವರ್ಷದ ಪಾಕೆಟ್ ಡೈರಿಗಳಲ್ಲಿ, ನನ್ನ ಕೋಳಿಕಾಲು ಅಕ್ಷರದಲ್ಲಿ, ಬೀಗ ಹಾಕಿದ ಡ್ರಾಯರಿನಲ್ಲಿ. ಉಸ್ತಾದ್ ಬೆನ್ನು ತಿರುಗಿಸಿ ಟೂಲ್ ಗ್ರೈಂಡ್ ಮಾಡುತ್ತಿದ್ದದ್ದು ನೆನಪಾಗಿ ಮೈ ಚುರ್ ಅಂದಿತು. ಈಗ ಡೈರಿ ಅವಳ ಹತ್ತಿರ ಇದೆ. ಓದೋಕಾಗದ ಕಡೆ ಫೋಟೋ ಹಾಕಿ, "ಸರ, ಇದು 3ರೀ 8ರೀ?" ಅಂತ ಕೇಳುತ್ತಾಳೆ. ಅರ್ಧ ಸಲ ನನಗೂ ಗೊತ್ತಾಗಲ್ಲ.

ಎಲ್ಲ ಸರಿಹೋಯಿತು ಅಂತ ಬರೆದರೆ ನಮ್ಮ ಹುಡುಗರೇ ನಗುತ್ತಾರೆ. ಕಳೆದ ವರ್ಷ ಮೂವರು ಬಿಟ್ಟು ಹೋದರು, ಅದರಲ್ಲಿ ಒಬ್ಬ ನಾನು ಬಹಳ ಆಸೆ ಇಟ್ಟಿದ್ದವನು. ಪುಣೆ ಹತ್ತಿರ ಚಾಕಣದಲ್ಲಿ ಐದು ಸಾವಿರ ಜಾಸ್ತಿ. ಹೋಗುವ ದಿನ ಕಾಲಿಗೆ ಬಿದ್ದು, "ಇಲ್ಲಿ ಛಲೋ ಇತ್ರಿ ಸರ, ಖರೇ. ಆದ್ರ ಮನಿ ಕಟ್ಟಾಕತ್ತೇವ್ರಿ" ಅಂದ. ಏನು ಹೇಳಲಿ? ಒಳ್ಳೆಯ ಮಾತು, ಕೆಂಪು ಕ್ರೇಟು, ವಿಡಿಯೋ, ಇವ್ಯಾವುವೂ ಪಗಾರದ ಜಾಗಕ್ಕೆ ಬರುವುದಿಲ್ಲ. ಮುಂದಾಳುತನದ ಬಗ್ಗೆ ಎಸಿ ಹಾಲಿನಲ್ಲಿ ಎರಡು ದಿನ ಮಾತಾಡಿದವರು ಪಗಾರದ ಬಗ್ಗೆ ಎರಡು ನಿಮಿಷವೂ ಮಾತಾಡಲಿಲ್ಲ. ನಾನು ಮಾಲಕರ ಹತ್ತಿರ ಮಾತಾಡಿದೆ. ಸೆಟ್ಟರ್ ಆದವರಿಗೆ ಸ್ವಲ್ಪ ಏರಿಸಿದರು, ಉಳಿದವರದ್ದಕ್ಕೆ ನೋಡೂಣು ಅಂದಿದ್ದಾರೆ. ಅವರ ಈ ನೋಡೂಣು ಅರ್ಧ ಒಪ್ಪಿದ್ದೋ, ಸುಮ್ನೆ ಸಾಗಹಾಕಿದ್ದೋ ಇನ್ನೂ ತಿಳಿದಿಲ್ಲ.

ಈ ಬರಹ ಶುರು ಮಾಡಿದ್ದು ಮೊನ್ನೆ ಮಂಗಳವಾರ ರಾತ್ರಿಯ ಒಂದು ಮೆಸೇಜಿನಿಂದ. ಮಲಗಿ ನಿದ್ದೆ ಹತ್ತಿತ್ತು, ಮೊಬೈಲ್ ಗುರ್ ಅಂದಿತು. ಗಂಟೆ ಎರಡೂ ಹತ್ತು. ಅಣ್ಣಿಗೇರಿ ಹುಡುಗನ ಕೈಕೆಳಗೆ ಕಲಿಯುತ್ತಿರುವ ಹೊಸ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ. ಒಂದು ಫೋಟೋ ಕಳಿಸಿದ್ದ. ಅದೇ ಸೀಟ್ ರಿಂಗ್, ಮೇಲೆ ಸೀಮೆಸುಣ್ಣದಲ್ಲಿ ವಾರೆಕೋರೆಯಾಗಿ '0.2'. ಕೆಳಗೆ ಬರೆದಿದ್ದ: "ಸರ ಒಂದ್ ಪೀಸ್ ಹೋತ್ರಿ. ಮಷಿನ್ ನಿಲ್ಲಿಸೇನ್ರಿ. ಅಣ್ಣ ಚಹಾ ಕುಡಿಯಾಕ ಹೋಗ್ಯಾನ."

ನಾಲಿಗೆ ತುದಿಗೆ ಬಂದ ಬಯ್ಗುಳ ಇಲ್ಲಿ ಬರೆಯುವಂಥದ್ದಲ್ಲ. ಒಂದಲ್ಲ, ಎರಡು ಬಂದವು. ಒಂದು ಸೊನ್ನೆಗೆ, ಇನ್ನೊಂದು ಆ ಹೊತ್ತಿನಲ್ಲಿ ಹೊಸಬನನ್ನು ಒಬ್ಬನೇ ಬಿಟ್ಟು ಚಹಾಕ್ಕೆ ಹೋದವನಿಗೆ. ಪಕ್ಕದಲ್ಲಿ ಹೆಂಡತಿ, "ಯಾರದು ಇಷ್ಟೊತ್ತಿನಾಗ?" ಅಂದಳು. "ಶಾಪಿಂದು," ಅಂದೆ. ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದೆ: "ಛಲೋ ಮಾಡಿದಿ. ಅಣ್ಣ ಬರೋತನಕ ಮುಟ್ಟಬ್ಯಾಡ."

ಎರಡು ನೀಲಿ ಗೆರೆ ಬಂದವು. ಅವನು ಒಂದು ಹೆಬ್ಬೆರಳು ಕಳಿಸಿದ.